ಹಗ್ಗವಿಲ್ಲದ ಜಟ್ಟಿ

ಮಾನ್ವಿ
20 ಡಿಸೆಂಬರ್ 2024

ವಿಶಾಖಾಳಿಗೆ,

ಇದೇ ಡಿಸೆಂಬರ್ ಎಂಟರ ಭಾನುವಾರ, ರಾಯಚೂರಿನಲ್ಲಿ ಶಂಶುದ್ದೀನನ ಕುಸ್ತಿ ತಾಲೀಮಿನ ಗರಡಿಮನೆಯೊಳಗೆ ನಡೆದ ಪ್ರದರ್ಶನಕ್ಕೆ ನಾನು ಕೊಟ್ಟಿದ್ದ ಜಪಾನಿನ ಸುಮೋ ಕಾರ್ಡುಗಳಲ್ಲಿ ಒಂದು ಬದಲಾಗಿದೆ. ನಾನು ಕೊಟ್ಟದ್ದು ಅಸಲು. ಮರಳಿ ಬಂದದ್ದು ನಕಲು. ಈ ಎರಡರ ನಡುವೆ ಒಂದು ರಾತ್ರಿ ಕಾರ್ಡುಗಳು ನಿನ್ನ ಹತ್ತಿರ ಇದ್ದವು.

ಯಾವ ಕಾರ್ಡು ಎಂದು ನಿನಗೆ ಗೊತ್ತು. ಆದರೂ ಬರಹದಲ್ಲಿ ಇರಲಿ. ಕಸೂತಿಯ ಮುಂಸೆರಗು ತೊಟ್ಟು, ಎರಡೂ ಕೈ ಚಾಚಿ ನಿಂತ ಜಟ್ಟಿಯದು. ನಾನು ಕಾಲೇಜಿನಲ್ಲಿದ್ದಾಗ ಕೋಬೆ ಊರಿನ ಪತ್ರಮಿತ್ರ ನಿಶಿದಾ ತನ್ನ ಬಾಲ್ಯದ ಕಾರ್ಡುಗಳನ್ನು ಲಕೋಟೆಯಲ್ಲಿಟ್ಟು ಕಳಿಸುತ್ತಿದ್ದ. ಮೊದಲು ಬಂದದ್ದು ಅದೇ. ನಾವು ಬೆಂಕಿಪೊಟ್ಟಣದ ಚೀಟಿ ಆಡಿದ ಹಾಗೆ ಅಲ್ಲಿನ ಹುಡುಗರು ಇವನ್ನು ನೆಲಕ್ಕೆ ಬಡಿದು, ಎದುರಾಳಿಯ ಕಾರ್ಡನ್ನು ಮಗುಚಿ ಗೆಲ್ಲುತ್ತಿದ್ದರಂತೆ. ಯುದ್ಧ ಮುಗಿದ ಬಡತನದ ವರ್ಷಗಳಲ್ಲಿ ಒಣಹುಲ್ಲು, ರದ್ದಿ ಅರೆದು ಮಾಡಿದ ಬೂದು ರಟ್ಟು ಅದು. ಹುಲ್ಲಿನ ಚುಕ್ಕೆಗಳು ಬರಿಗಣ್ಣಿಗೆ ಕಾಣುತ್ತಿದ್ದವು.

ಈಗ ನನ್ನ ಮೇಜಿನ ಮೇಲಿರುವ ಕಾರ್ಡಿನಲ್ಲಿ ಒಂದು ಚುಕ್ಕೆಯೂ ಇಲ್ಲ. ಬಣ್ಣ ಗಾಢವಾಗಿದೆ, ಮೇಲ್ಮೈ ಮಿರುಗುತ್ತದೆ, ಬೆನ್ನಿನ ಅಚ್ಚು ಮುಂದಕ್ಕೆ ಇಣುಕುತ್ತದೆ. ಅಂಚಿನ ಜಜ್ಜುಗಳು ಮಾತ್ರ ಇದ್ದ ಹಾಗೆಯೇ ಇವೆ. ಅಂದರೆ ನಕಲು ಮಾಡಿದವರು ಜಾಣರು.

ನಿನ್ನ ನೀರಿನ ಬಾಟಲಿ ಚೀಲದಲ್ಲಿ ಸೋರಿ ಲಕೋಟೆ ಒದ್ದೆಯಾಯಿತು ಎಂದು ಸೂಗಮ್ಮನಿಗೆ ಹೇಳಿ ಹೋದೆಯಂತೆ. ನಾನು ಆಗ ಸಿಂಧನೂರಿನಲ್ಲಿದ್ದೆ. ಎಲ್ಲಕ್ಕಿಂತ ಹೊರಗಿದ್ದ ಆ ಒಂದು ಕಾರ್ಡಿಗೆ ಮಾತ್ರ ತೇವ ತಾಗಿತ್ತಂತೆ. ಒದ್ದೆಯಾದ ಮೊಬೈಲನ್ನು ಇಡುವಂತೆ ಅದನ್ನೂ ಅಕ್ಕಿಯಲ್ಲಿ ಇಡು ಎಂದು ಅವಳಿಗೆ ಫೋನಿನಲ್ಲೇ ಹೇಳಿದೆ. ನಾನು ಬರುವವರೆಗೆ ಅದು ಅಕ್ಕಿಯಲ್ಲೇ ಇತ್ತು. ಅಕ್ಕಿ ನೀರು ಹೀರುತ್ತದೆ. ಅಚ್ಚು ಬದಲಿಸುವುದಿಲ್ಲ. ಹಾನಿಗೆ ಮೊದಲೇ ಕಾರಣ ಒದಗಿಸಿಡುವುದು ಏಕೆ ಬೇಕಾಯಿತು?

ಇನ್ನೊಂದು ಮಾತು. ಪ್ರದರ್ಶನದಲ್ಲಿ ಆ ಕಾರ್ಡಿನ ಕೆಳಗೆ ‘ಇವರು ಯೋಕೋಝುನಾ ಅಲ್ಲ’ ಎಂದು ಬರೆದವಳು ನೀನು. ಅದರ ಹೆಗ್ಗಳಿಕೆಯನ್ನು ಮೊದಲು ಜನರೆದುರು ಇಳಿಸಿದೆ, ಆಮೇಲೆ ಅದು ಕಾಣೆಯಾಯಿತು. ಇಂಥ ಕಾರ್ಡುಗಳಿಗೆ ನೀನು ಇಂಟರ್ನೆಟ್ಟಿನ ಹರಾಜಿನಲ್ಲಿ ಕೂಗುವುದೂ ನನಗೆ ತಿಳಿದಿದೆ.

ಸಂಕ್ರಾಂತಿಯೊಳಗೆ ಉತ್ತರ ಬೇಕು. ವಾಟ್ಸ್‌ಆ್ಯಪಿನಲ್ಲಿ ಬೇಡ, ಅಲ್ಲಿ ಬರೆದವರೇ ಬರೆದದ್ದನ್ನು ಅಳಿಸಬಹುದು.

ಇತಿ,
ಮಹಾಂತಯ್ಯ
ನಿವೃತ್ತ ಗ್ರಂಥಪಾಲಕ


ದೇವದುರ್ಗ
28 ಡಿಸೆಂಬರ್ 2024

ಗುರುಗಳಿಗೆ ನಮಸ್ಕಾರ.

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೊದಲ ಸಲ ಬೇರೆ ಯಾರಿಗೋ ಬರೆದದ್ದು ಅನ್ನಿಸಿತು.

ನಡೆದದ್ದು ಇಷ್ಟು. ಪ್ರದರ್ಶನ ಮುಗಿದ ಮೇಲೆ ಶಂಶುದ್ದೀನ್ ಕಾಕಾ ತಾವೇ ಕಾರ್ಡುಗಳನ್ನು ಲಕೋಟೆಗೆ ಹಾಕಿ ಅಂಟಿಸಿದರು. ಮರುದಿನ ಬೆಳಿಗ್ಗೆ ನನಗೆ ಪರೀಕ್ಷಾ ಕೆಲಸವಿತ್ತು, ಆದ್ದರಿಂದ ದೇವದುರ್ಗದ ಬಸ್ಸು ಹಿಡಿದೆ. ಸೋಮವಾರ ಮಧ್ಯಾಹ್ನ ಮಾನ್ವಿಗೆ ಬಂದು ನಿಮ್ಮ ಮನೆಯಲ್ಲಿ ಸೂಗಮ್ಮ ಅಮ್ಮನ ಕೈಗೆ ಕೊಟ್ಟೆ. ಲಕೋಟೆಯನ್ನು ನಾನು ತೆರೆದಿಲ್ಲ. ದಾರಿಯಲ್ಲಿ ಬಾಟಲಿ ಸೋರಿದ್ದು ನಿಜ. ನಿಜವಾದ್ದರಿಂದ ಹೇಳಿದೆ. ಹೇಳದೆ ಹೋಗಿದ್ದರೆ ಇವತ್ತು ನೀವು ಅದನ್ನೇ ಹಿಡಿದು ಬರೆಯುತ್ತಿದ್ದಿರಿ.

ಇನ್ನು ಆ ಬರಹದ ಮಾತು. ಯೋಕೋಝುನಾ ಎಂದರೆ ಸುಮೋದ ಅತಿ ದೊಡ್ಡ ಪದವಿ. ಆ ಪದವಿಯವನು ಮುಂಸೆರಗಿನ ಮೇಲೆ ಸೊಂಟಕ್ಕೆ ದಪ್ಪ ಬಿಳಿ ಹಗ್ಗ ಕಟ್ಟಿ ನಿಲ್ಲುತ್ತಾನೆ. ಬರೀ ಮುಂಸೆರಗನ್ನು ಮೇಲ್ದರ್ಜೆಯ ಎಲ್ಲ ಜಟ್ಟಿಗಳೂ ತೊಡುತ್ತಾರೆ. ನಿಮ್ಮ ಜಟ್ಟಿಗೆ ಹಗ್ಗವಿಲ್ಲ. ಹೆಸರಿನ ಪಕ್ಕದಲ್ಲಿ ಅಚ್ಚಾಗಿರುವ ದರ್ಜೆಯೂ ಕೆಳಗಿನದು. ಜಪಾನಿ ಅಕ್ಷರ ಕಲಿಯಲು ನೀವೇ ಹೇಳಿದಿರಿ, ಕಲಿತೆ. ಓದಿದ್ದನ್ನು ಬರೆದೆ.

ಅವತ್ತು ಕಾಕಾ ಎಲ್ಲರೆದುರು, “ಅಯ್ಯನೋರ, ಐವತ್ತ್ ವರ್ಸ ನಮಗ ಉಸ್ತಾದ ಅಂತ ತೋರ್ಸಿದ್ದು ಚೇಲಾನ್ನ ಏನ್ರಿ?” ಅಂದಾಗ ಇಡೀ ತಾಲೀಮು ನಕ್ಕಿತು. ನೀವೂ ನಕ್ಕಿರಿ. ಆದರೆ ಆ ಮೇಲೆ ನನ್ನ ಕಡೆ ನೋಡಲಿಲ್ಲ. ಈ ಪತ್ರ ಶುರುವಾದದ್ದು ಎಂಟನೇ ತಾರೀಖಿನ ರಾತ್ರಿ ಅಲ್ಲ, ಆ ನಗುವಿನ ಹೊತ್ತಿಗೆ ಎಂದು ನನಗೆ ಅನುಮಾನ.

ಕಾರ್ಡನ್ನು ಮೂರನೆಯವರಿಗೆ ತೋರಿಸಿ. ಯಾರಿಗಾದರೂ ಸರಿ. ನಾನೂ ಬಂದು ಕೂರುತ್ತೇನೆ. ಅಲ್ಲಿಯವರೆಗೆ ದಯವಿಟ್ಟು ಯಾರೆದುರೂ ಮಾತಾಡಬೇಡಿ. ನಮ್ಮ ಕಾಲೇಜಿನ ಹಳೆಯ ವಸ್ತುಗಳ ಕೋಣೆ ನಿಮಗೆ ಗೊತ್ತಿದೆ. ಅಲ್ಲಿರುವುದೆಲ್ಲ ಸುತ್ತಲ ಊರಿನ ಜನ ನನ್ನ ಮುಖ ನೋಡಿ ಕೊಟ್ಟದ್ದು.

ನಿಮ್ಮ ವಿದ್ಯಾರ್ಥಿನಿ,
ವಿಶಾಖಾ


ರಾಯಚೂರು
9 ಜನವರಿ 2025

ಪ್ರಿಯ ಮಹಾಂತಯ್ಯ,

ನಿನ್ನ ಪತ್ರ ಬಂತು. ಕಾರ್ಡುಗಳನ್ನು ಲಕೋಟೆಗೆ ಹಾಕಿದವನು ನಾನು. ಹಾಗಾದರೆ ನನ್ನನ್ನೂ ಕಳ್ಳ ಅನ್ನು. ‘ನೀನು ಸರಿಯಾಗಿ ನೋಡಿರಲಿಕ್ಕಿಲ್ಲ’ ಎಂದು ಮೆತ್ತಗೆ ಬರೆದಿದ್ದೀಯ. ನೋಡಿದ್ದೆ. ಆ ಜಟ್ಟಿಯ ಹೊಟ್ಟೆ ನನ್ನ ಹೊಟ್ಟೆಯಂತಿದೆ ಎಂದು ನನ್ನ ಹುಡುಗರು ಚೇಷ್ಟೆ ಮಾಡುತ್ತಿದ್ದರು, ಅದಕ್ಕೆ ಅದನ್ನೇ ಕೊನೆಗೆ ಹಾಕಿದೆ.

ಅದೇ ಹುಡುಗಿ ನಿನ್ನ ದೊಡ್ಡ ಮನೆತನದ ಶಿಷ್ಯೆ ಸ್ವಪ್ನಾಳೋ ಕಾವ್ಯಾಳೋ ಆಗಿದ್ದರೆ ನೀನು ಮೊದಲು ಫೋನ್ ಮಾಡಿ “ಯವ್ವಾ, ಏನಾತು ನೋಡವ್ವ” ಅನ್ನುತ್ತಿದ್ದೆ. ನೇರ ಪತ್ರಕ್ಕೆ ಇಳಿಯುತ್ತಿರಲಿಲ್ಲ. ಇದನ್ನು ಗೆಳೆಯನಾಗಿ ಬರೆಯುತ್ತಿದ್ದೇನೆ, ಸಿಟ್ಟಾಗು.

ಪೇಪರಿಗೆ ಬರೆಯುತ್ತೇನೆ ಎಂದಿದ್ದೀಯ. ಬೇಡ. ಮುನಸಿಪಾಲಿಟಿಯ ನಲ್ಲಿಗೆ, ಬಸ್‌ಸ್ಟ್ಯಾಂಡಿನ ಹೊಲಸಿಗೆ ಬರೆದ ಹಾಗೆ ಮನುಷ್ಯರ ಮೇಲೆ ಬರೆಯಬಾರದು. ನಾನು ಮಾನ್ವಿಗೆ ಬರುತ್ತೇನೆ, ತಡೆ.

ನಿನ್ನ,
ಶಂಶುದ್ದೀನ್


(ಜಿಲ್ಲೆಯ ದಿನಪತ್ರಿಕೆಯೊಂದರ ‘ಓದುಗರ ಪತ್ರ’ ಅಂಕಣ, 22 ಜನವರಿ 2025)

ನಂಬಿ ಕೊಟ್ಟವರು ಎಚ್ಚರ

ಮಾನ್ಯರೇ,

ನಮ್ಮ ಜಿಲ್ಲೆಯಲ್ಲಿ ಹಳೆಯ ವಸ್ತುಗಳ ಬಗ್ಗೆ ಆಸಕ್ತಿ ಹೆಚ್ಚುತ್ತಿರುವುದು ಸಂತೋಷದ ಸಂಗತಿ. ಆದರೆ ಇತಿಹಾಸದ ಹೆಸರಿನಲ್ಲಿ ಮನೆಮನೆಯಿಂದ ವಸ್ತು ಪಡೆಯುವವರ ಕೈ ಶುದ್ಧವಿದೆಯೇ ಎಂದು ಕೇಳುವವರಿಲ್ಲ. ಅರ್ಧ ಶತಮಾನ ನಾನು ಕಾಪಾಡಿದ ಜಪಾನಿನ ಸುಮೋ ಕಾರ್ಡೊಂದು, ಕಳೆದ ಡಿಸೆಂಬರ್ ಎಂಟರ ಪ್ರದರ್ಶನದ ನಂತರ ದೇವದುರ್ಗದ ಇತಿಹಾಸ ಉಪನ್ಯಾಸಕಿಯೊಬ್ಬರ ವಶದಲ್ಲಿದ್ದು, ನಕಲಾಗಿ ನನಗೆ ಮರಳಿದೆ. ಇವರ ಬಳಿ ಇನ್ನೂ ಎಷ್ಟೋ ಬಡ ಕುಟುಂಬಗಳ ವಸ್ತುಗಳಿವೆ. ಅವು ಅಸಲಾಗಿಯೇ ಉಳಿದಿವೆಯೇ? ಸಂಬಂಧಪಟ್ಟವರು ಬಹಿರಂಗವಾಗಿ ಉತ್ತರಿಸಲಿ.

– ಮಹಾಂತಯ್ಯ, ಮಾನ್ವಿ


ದೇವದುರ್ಗ
16 ಫೆಬ್ರವರಿ 2025

ಪ್ರಿಯ ಕಾಕಾ,

ನೀವು ಫೋನಿನಲ್ಲಿ ‘ಹೆಂಗಿದೀಯವ್ವ’ ಅಂದಾಗ ಚೆನ್ನಾಗಿದ್ದೇನೆ ಅಂದೆ. ಸುಳ್ಳು. ಅದಕ್ಕೆ ಬರೆಯುತ್ತಿದ್ದೇನೆ.

ಅವರು ನನ್ನ ಹೆಸರು ಬರೆಯಲಿಲ್ಲ. ಬರೆದಿದ್ದರೆ ವಾಸಿಯಿತ್ತು, ಅಲ್ಲ ಎಂದು ಹೇಳಲು ನನಗೊಂದು ಜಾಗ ಇರುತ್ತಿತ್ತು. ದೇವದುರ್ಗದಲ್ಲಿ ಹಳೆಯ ವಸ್ತುಗಳ ಕೋಣೆ ನಡೆಸುವ ಇತಿಹಾಸ ಉಪನ್ಯಾಸಕಿ ಇನ್ನೊಬ್ಬಳು ಯಾರಿದ್ದಾಳೆ? ನಾನು ಪತ್ರಿಕೆಗೆ ಉತ್ತರ ಬರೆದು ಕಳಿಸಿದೆ. ‘ಅವರು ನಿಮ್ಮ ಹೆಸರು ಹೇಳಿಲ್ಲವಲ್ಲ ಮೇಡಂ, ನೀವೇ ಯಾಕೆ ಹಚ್ಚಿಕೊಳ್ಳುತ್ತೀರಿ’ ಎಂದರು. ಅಚ್ಚಾಗಲಿಲ್ಲ.

ಮೊದಲು ಬಂದವರು ಹಿರೇಕೊಟ್ನೆಕಲ್ಲಿನ ಹಾಲೇಶಣ್ಣ. ಅವರ ಅಜ್ಜ ಕುಸ್ತಿಯಲ್ಲಿ ಗೆದ್ದ ಬೆಳ್ಳಿ ಕಡಗ ನಮ್ಮ ಕೋಣೆಯ ಗಾಜಿನ ಪೆಟ್ಟಿಗೆಯಲ್ಲಿತ್ತು. ಬಾಗಿಲಲ್ಲೇ ನಿಂತರು.

“ತಪ್ಪ್ ತಿಳ್ಕೋಬ್ಯಾಡ್ರಿ ಮೇಡಂ. ನಂಗೇನ್ ನಿಮ್ ಮ್ಯಾಲ ಸೌಂಶೆ ಇಲ್ಲ. ಮನ್ಯಾಗ ಹೆಂಗಸ್ರು ಒಂದ ಸವನ ಗಂಟ್ ಬಿದ್ದಾರ.”

“ತಗೊಂಡ್ ಹೋಗ್ರಿ ಅಣ್ಣಾ. ನಿಮ್ದ ಅದು.”

ಕಡಗ ಕೈಗೆ ಬಂದ ಮೇಲೆ ಅವರು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಹಲ್ಲಿನಿಂದ ಒಮ್ಮೆ ಕಚ್ಚಿದರು. ನಾನು ನೋಡುತ್ತಿದ್ದೇನೆ ಎಂಬುದು ಆಮೇಲೆ ನೆನಪಾಯಿತೇನೋ, “ಸುಮ್ಕ ನೋಡಿದ್ನಿ” ಅಂದರು. ಆ ಒಂದು ಕ್ಷಣ, ಕಾಕಾ, ನನಗೂ ಭಯವಾಯಿತು. ಅದು ನಿಜವಾಗಿಯೂ ಅದೇ ಕಡಗವೇ ಎಂದು. ನನ್ನನ್ನು ನಾನೇ ಅನುಮಾನಿಸುವ ಮಟ್ಟಕ್ಕೆ ಬಂದಿದ್ದೇನೆ.

ಅವರ ನಂತರ ಯಾಪಲದಿನ್ನಿಯವರು ಬಂದರು. ಆ ಮೇಲೆ ಇನ್ನೂ ಕೆಲವರು. ಪ್ರಿನ್ಸಿಪಾಲರು ಕೋಣೆಯ ಕೀಲಿ ಸದ್ಯ ಆಫೀಸಿನಲ್ಲಿ ಇರಲಿ ಎಂದಿದ್ದಾರೆ. ಕೋಣೆ ಹೀಗೆಯೇ ಖಾಲಿಯಾದರೆ ಜೂನಿನಿಂದ ಅದನ್ನು ಪರೀಕ್ಷಾ ಸಾಮಾನಿನ ಕೋಣೆ ಮಾಡುತ್ತಾರಂತೆ.

ನಿಮಗೆ ಹೇಳದ ಹಳೆಯ ಸಂಗತಿ ಒಂದಿದೆ. ನಾನು ಮಾನ್ವಿಯಲ್ಲಿ ಓದುವಾಗ ಗ್ರಂಥಾಲಯದ ಒಂದು ನಿಘಂಟು ಕಾಣೆಯಾಗಿತ್ತು. ಮಹಾಂತಯ್ಯ ಸರ್ ಮೇಜಿನ ಹಿಂದಿನಿಂದಲೇ ಕೂಗಿ ನನ್ನ ಚೀಲ ತೆರೆಸಿದರು. ಪಕ್ಕದಲ್ಲಿ ಸ್ವಪ್ನಾ ಇದ್ದಳು, ನಮ್ಮಪ್ಪ ಸುಂಕಪ್ಪ ಹಮಾಲಿ ಮಾಡುತ್ತಿದ್ದ ರೈಸ್‌ಮಿಲ್ಲಿನ ಮಾಲೀಕರ ಮಗಳು. ಅವಳ ಚೀಲ ಮುಚ್ಚಿಯೇ ಇತ್ತು. ಮೂರ್ನಾಲ್ಕು ದಿನದ ಮೇಲೆ ನಿಘಂಟು ಬೇರೆ ಕಪಾಟಿನಲ್ಲಿ ಸಿಕ್ಕಿತು. ಸರ್ ಪುಸ್ತಕದ ಸಾಲುಗಳ ನಡುವೆ ನನ್ನ ಹತ್ತಿರ ಬಂದು, ಬೇರೆ ಯಾರಿಗೂ ಕೇಳದಂತೆ, “ಸಿಕ್ತವ್ವ” ಅಂದರು. ಆಮೇಲೆ ಅವರೇ ನನಗೆ ಪುಸ್ತಕ ಕೊಟ್ಟರು, ಕಾರ್ಡು ತೋರಿಸಿದರು, ಓದಿಸಿದರು. ಅದನ್ನೂ ನಾನು ಮರೆತಿಲ್ಲ. ಅದಕ್ಕೇ ಇಷ್ಟು ದಿನ ಬಾಯಿ ಮುಚ್ಚಿದ್ದೆ.

ಆ ಕಾರ್ಡನ್ನು ನೀವು ಒಮ್ಮೆ ಕಣ್ಣಾರೆ ನೋಡುತ್ತೀರಾ?

ವಿಶಾಖಾ


ರಾಯಚೂರು
17 ಮಾರ್ಚ್ 2025

ಮಗಳೇ ವಿಶಾಖಾ,

ನಿನ್ನೆ ಮಾನ್ವಿಗೆ ಹೋಗಿದ್ದೆ. ನಮ್ಮ ಜಮೀರನ ಮದುವೆ ಮಾತು ಇತ್ತು. ರೋಜಾ ಬಿಟ್ಟು, ಇಫ್ತಾರ್ ದಾವತ್ತಿನಿಂದ ನೇರ ಮಹಾಂತಯ್ಯನ ಮನೆಗೆ. ಉಳಿದ ಕುಶಲ ಆಮೇಲೆ, ಮೊದಲು ಇದನ್ನು ಓದು.

ಅವನು ಕಾರ್ಡನ್ನು ಪ್ಲಾಸ್ಟಿಕ್ ಹೊದಿಕೆಯಲ್ಲಿಟ್ಟು ತಂದ, ಕೋರ್ಟಿಗೆ ಸಾಕ್ಷಿ ತಂದ ಹಾಗೆ. ನಾನು ಹೊದಿಕೆ ತೆಗೆದೆ. “ಕೈ ಹಚ್ಚಬ್ಯಾಡಲೇ” ಅಂದ. ಹಚ್ಚಿದೆ. ಹೆಬ್ಬೆರಳಿನಿಂದ ಉಜ್ಜಿ ಮೂಸಿದೆ.

“ಅಯ್ಯನೋರ, ಈ ಪೈಲ್ವಾನಗ ಮಾಲೀಸು ಯಾರ್ ಮಾಡ್ಯಾರ?”

“ಏನಂತಿ?”

“ಔಡಲೆಣ್ಣಿ ವಾಸ್ನಿ ಹೊಡಿಯಾಕತ್ತದ. ಹುಟ್ಟಿದಾಗಿಂದ ತಾಲೀಮಿನಾಗ ಮೈಗೆ ಬಡ್ಕೊಂಡ ಎಣ್ಣಿ, ನಂಗ ಗೊತ್ತಾಗಂಗಿಲ್ಲೇನು?”

ಕಾರ್ಡಿನ ಒಂದು ಮೂಲೆಗೆ ಆಲ್ಬಮ್ಮಿನ ಕಾಗದದ ತ್ರಿಕೋನ ಇನ್ನೂ ಅಂಟಿಕೊಂಡಿತ್ತು. ಉಗುರಿನಿಂದ ಎತ್ತಿದೆ. ಅದರ ಕೆಳಗೆ, ಹರಳೆಣ್ಣೆ ತಾಗದ ಜಾಗದಲ್ಲಿ, ಹಳೇ ಬೂದು ರಟ್ಟು. ಹುಲ್ಲಿನ ಚುಕ್ಕೆಗಳು ಇದ್ದಲ್ಲೇ ಇದ್ದವು. ಮಹಾಂತಯ್ಯ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದ.

ಚಾ ತಂದಿದ್ದ ಸೂಗಮ್ಮ ಬಾಗಿಲಲ್ಲಿ ನಿಂತಿದ್ದರು. “ಅಕ್ಕ್ಯಾಗ ಇಟ್ಟಿದ್ದಿಲ್ಲೇನ್ರಿ? ನೀವ ಫೋನಿನ್ಯಾಗ ಹೇಳಿದ್ರಿ.”

“ಅಕ್ಕ್ಯಾಗ ಅಂದಿದ್ನಿ. ಎಣ್ಯಾಗ ಅಲ್ಲ.”

“ವರ್ಸದ ಅಕ್ಕಿಗಿ ಔಡಲೆಣ್ಣಿ ತಿಕ್ಕಲಾರದ ಇಟ್ರ ನುಸಿ ಹಿಡಿತಾವ. ಇಷ್ಟ್ ವರ್ಸ ಉಂಡೀರಿ, ಒಂದಿನಾರ ಡಬ್ಬಿ ಮುಚ್ಚಳಾ ತಗದು ನೋಡೀರೇನು?”

ನಾನು ನಕ್ಕುಬಿಟ್ಟೆ. ಜಪಾನಿನ ರಟ್ಟಿನಲ್ಲಿ ಎಂಥ ಹುಲ್ಲಿದೆ ಎಂದು ಬಲ್ಲವನಿಗೆ ತನ್ನ ಮನೆಯ ಅಕ್ಕಿ ಡಬ್ಬಿಯಲ್ಲಿ ಏನಿದೆ ಎಂದು ಗೊತ್ತಿಲ್ಲ. ಆದರೆ ಸೂಗಮ್ಮ ನಗಲಿಲ್ಲ. “ಯಾಕ, ಏನಾತೀಗ?” ಅಂದರು. ಅವನು ಕಾರ್ಡನ್ನು ಮತ್ತೆ ಪ್ಲಾಸ್ಟಿಕ್ ಹೊದಿಕೆಗೆ ತುರುಕತೊಡಗಿದ. ಅವರಿಗೆ ಒಂದು ಮಾತೂ ಹೇಳಿರಲಿಲ್ಲ ಮಗಳೇ. ಪೇಪರಿನ ಮಾತು ನಾನೇ ಹೇಳಬೇಕಾಯಿತು.

“ಆ ಹುಡುಗೀನ್ನ ಕಳ್ಳಿ ಅಂತ ಪೇಪರಿನ್ಯಾಗ ಹಾಕ್ಸೀರಿ?” ಅಂದರು ಆ ತಾಯಿ. “ಊರ್ ಮಂದಿನ್ನೆಲ್ಲಾ ಕೇಳಾಕ ಬರ್ತದ ನಿಮಗ. ಮನ್ಯಾಗ ನಂಗೊಂದ್ ಮಾತ್ ಕೇಳಾಕ ಆಗ್ಲಿಲ್ಲ?”

ಚಾ ಅಲ್ಲೇ ಆರಿತು. ಅವನು ನಿನಗೆ ಬರೆಯುತ್ತೇನೆ ಎಂದಿದ್ದಾನೆ. ಬರೆದದ್ದನ್ನು ಎಚ್ಚರದಿಂದ ಓದು. ನನ್ನ ಗೆಳೆಯನೇ, ಆದರೂ ಹೇಳುತ್ತಿದ್ದೇನೆ.

ನಿನ್ನ ಕಾಕಾ,
ಶಂಶುದ್ದೀನ್


ಮಾನ್ವಿ
24 ಮಾರ್ಚ್ 2025

ಪ್ರೀತಿಯ ವಿಶಾಖಾ,

ಕಾರ್ಡು ಅಸಲು. ಬದಲಾಗಿಲ್ಲ. ಅಕ್ಕಿಗೆ ಸವರಿದ್ದ ಹರಳೆಣ್ಣೆಯನ್ನು ರಟ್ಟು ಕುಡಿದು ಹಾಗೆ ಕಂಡಿದೆ. ಶಂಶುದ್ದೀನ್ ನಿನಗೆ ಬಣ್ಣ ಹಚ್ಚಿ ಬರೆದಿರಬಹುದು. ವಿಷಯ ಇಷ್ಟೇ. ನಿನ್ನ ಮೇಲೆ ಸಂಶಯಪಟ್ಟದ್ದು ನನ್ನ ತಪ್ಪು. ಮನಸ್ಸಿನಿಂದ ತೆಗೆದುಹಾಕು.

ಸೂಗಮ್ಮ ನನ್ನೊಡನೆ ಮಾತು ಕಡಿಮೆ ಮಾಡಿದ್ದಾಳೆ. ಯುಗಾದಿಗೆ ನೀನು ಮನೆಗೆ ಬರಲೇಬೇಕು ಎಂಬುದು ಅವಳ ಹಟ, ನನ್ನದೂ. ಆ ಕಾರ್ಡನ್ನು ನಿನಗೇ ಕೊಡಬೇಕೆಂದು ನಿರ್ಧರಿಸಿದ್ದೇನೆ. ನನಗಿಂತ ಅದನ್ನು ಚೆನ್ನಾಗಿ ಓದಬಲ್ಲವಳು ನೀನು. ನಿನ್ನ ಕೋಣೆಯಲ್ಲಿ ಇರಲಿ.

ಪತ್ರಿಕೆಯ ವಿಷಯ. ಈಗ ಮತ್ತೆ ಅಲ್ಲಿ ಬರೆದರೆ ಜನ ಮರೆತದ್ದನ್ನು ಕೆದಕಿದಂತಾಗುತ್ತದೆ, ಅದರ ನೋವು ನಿನಗೇ. ನಾನಂತೂ ಹೆಸರು ಹೇಳಿರಲಿಲ್ಲ. ಮೂವತ್ತು ವರ್ಷದಿಂದ ಆ ಅಂಕಣಕ್ಕೆ ಬರೆಯುತ್ತಿದ್ದೇನೆ. ಕೆರೆಗೆ, ಕಾಲುವೆಗೆ, ಶಾಲೆಗೆ ಬರೆದದ್ದನ್ನು ಅಧಿಕಾರಿಗಳು ಓದುತ್ತಾರೆ. ಇವನು ಅಕ್ಕಿ ಡಬ್ಬಿ ನೋಡದೆ ಬರೆಯುವವನು ಎಂದಾದರೆ ನಾಳೆ ಊರಿನ ಕೆಲಸಕ್ಕೆ ನನ್ನ ಮಾತು ನಡೆಯುವುದಿಲ್ಲ. ನೀನು ಓದಿದವಳು, ಇದು ನಿನಗೆ ಅರ್ಥವಾಗುತ್ತದೆ.

ಬರುವಾಗ ನನ್ನ ಡಿಸೆಂಬರಿನ ಪತ್ರವನ್ನೂ ತಾ. ಇಬ್ಬರೂ ಕೂಡಿ ಹರಿದುಹಾಕೋಣ.

ನಿನ್ನ ಹಿತೈಷಿ,
ಮಹಾಂತಯ್ಯ


ದೇವದುರ್ಗ
7 ಏಪ್ರಿಲ್ 2025

ಶ್ರೀ ಮಹಾಂತಯ್ಯನವರಿಗೆ,

ಯುಗಾದಿಗೆ ನಾನು ಬರಲಿಲ್ಲ. ಅಮ್ಮನಿಗೆ ಫೋನ್ ಮಾಡಿ ಕಾರಣ ಹೇಳಿದ್ದೇನೆ. ಅವರು “ಬರಬ್ಯಾಡವ್ವ, ಈಗ ಬರಬ್ಯಾಡ” ಅಂದರು.

ಕಾರ್ಡು ಬೇಡ. ಕಾಣೆಯಾಯಿತು ಎಂದು ನೀವು ಜಿಲ್ಲೆಗೆಲ್ಲ ಸಾರಿದ ವಸ್ತು ನಾಳೆ ನನ್ನ ಕೋಣೆಯ ಗಾಜಿನ ಪೆಟ್ಟಿಗೆಯಲ್ಲಿ ಕಂಡರೆ ನೋಡಿದವರು ಏನಂದುಕೊಳ್ಳುತ್ತಾರೆ? ಇದನ್ನು ನೀವು ಯೋಚಿಸದೆ ಬರೆದಿರಿ ಎಂದು ನಂಬಲು ಪ್ರಯತ್ನಿಸುತ್ತಿದ್ದೇನೆ. ನನ್ನ ಚೀಲ ತೆರೆಸಿದ್ದು ಗ್ರಂಥಾಲಯ ತುಂಬ ಕೇಳುವ ದನಿಯಲ್ಲಿ. ನಿಘಂಟು ಸಿಕ್ಕಿದ್ದನ್ನು ಹೇಳಿದ್ದು ಕಪಾಟಿನ ಸಂದಿಯಲ್ಲಿ. ಆಗ ನನಗೆ ಹದಿನೆಂಟು ವರ್ಷ, ಅಷ್ಟಕ್ಕೇ ಕೃತಜ್ಞಳಾಗಿದ್ದೆ. ಈಗ ಆ ಸಂದಿಗೆ ಮತ್ತೆ ಬರಲಾರೆ. ಡಿಸೆಂಬರಿನ ಪತ್ರವನ್ನೂ ತರಲಾರೆ. ಅದು ನನ್ನ ಹತ್ತಿರವೇ ಇರುತ್ತದೆ.

ಜನ ಮರೆತಿದ್ದಾರೆ ಎಂದಿರಿ. ಮೊನ್ನೆ ಹಾಲೇಶಣ್ಣ ಸಂತೆಯಲ್ಲಿ ಕಂಡರು. ಕಾರ್ಡು ಅಸಲೇ ಇತ್ತಂತೆ, ಮಹಾಂತಯ್ಯ ಸರ್ ನನಗೆ ಬರೆದಿದ್ದಾರೆ ಎಂದು ಹೇಳಿದೆ.

“ಹೌದೇನ್ರಿ? ಚಲೋ ಆತು ಬಿಡ್ರಿ,” ಅಂದರು. ಆಮೇಲೆ, “ಪೇಪರಿನ್ಯಾಗ ಬಂದದೇನ್ರಿ ಮೇಡಂ?”

ಇಲ್ಲ ಅಂದೆ. ಅವರು ಚೀಲದಲ್ಲಿದ್ದ ಮೆಣಸಿನಕಾಯಿಯನ್ನು ಸರಿಮಾಡುತ್ತಾ ನಿಂತರು. ಕಡಗದ ಮಾತು ಅವರು ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ.

ನಿಮ್ಮ ಮಾತು ಊರಿನ ಕೆಲಸಕ್ಕೆ ನಡೆಯಬೇಕು ಎನ್ನುತ್ತೀರಿ. ನಡೆಯಲಿ. ಆದರೆ ಅದರ ತೂಕವನ್ನು ಈ ಚಳಿಗಾಲದಿಂದ ನಾನೊಬ್ಬಳೇ ಹೊರುತ್ತಿದ್ದೇನೆ. ನೀವು ಹೇಳಿದಿರಿ ಎಂಬ ಒಂದೇ ಕಾರಣಕ್ಕೆ ಜನ ನಂಬಿದರು. ಅದನ್ನು ಹಿಂದೆ ತೆಗೆಯಲು ನನ್ನಿಂದ ಆಗುವುದಿಲ್ಲ, ಶಂಶುದ್ದೀನ್ ಕಾಕಾರಿಂದಲೂ ಆಗುವುದಿಲ್ಲ. ಮಾತು ನಡೆಯುವವರು ನೀವು. ಜೂನಿಗೆ ಕಾಲೇಜು ತೆರೆಯುತ್ತದೆ. ಅಷ್ಟರೊಳಗೆ ಜನರ ವಸ್ತು ಮರಳಿ ಬರದಿದ್ದರೆ ಆ ಕೋಣೆ ಇರುವುದಿಲ್ಲ.

ನನ್ನ ಹೆಸರು ಬರೆಯದೆ ಆರೋಪ ಮಾಡಿದಿರಿ. ಉತ್ತರದಲ್ಲಿ ನನ್ನ ಹೆಸರು, ನನ್ನ ತಂದೆಯ ಹೆಸರು ಎರಡೂ ಇರಬೇಕು. ಎಣ್ಣೆ, ಅಕ್ಕಿ, ಡಬ್ಬಿ, ಯಾವುದನ್ನೂ ಬಿಡದೆ ಬರೆಯಿರಿ. ಅದನ್ನು ನನಗೆ ಕಳಿಸಬೇಡಿ, ನನಗೆ ಗೊತ್ತಿದೆ. ಯಾವ ಪತ್ರಿಕೆಯ ಯಾವ ಅಂಕಣದಲ್ಲಿ ಕೇಳಿದಿರೋ ಅದೇ ಪತ್ರಿಕೆಯ ಅದೇ ಅಂಕಣದಲ್ಲಿ, ಹಿರೇಕೊಟ್ನೆಕಲ್ಲು ಓದುವಂತೆ, ಯಾಪಲದಿನ್ನಿ ಓದುವಂತೆ, ನಿಮ್ಮ ಸಹಿ ಹಾಕಿ ಹೇಳಿ: ಸುಂಕಪ್ಪನ ಮಗಳು ವಿಶಾಖಾ ನಿಮ್ಮ ಕಾರ್ಡನ್ನು ಕದ್ದಳೋ, ಇಲ್ಲವೋ?

ವಿಶಾಖಾ ಸುಂಕಪ್ಪ
ದೇವದುರ್ಗ

ಪ್ರತಿ: ಸಂಪಾದಕರಿಗೆ, ‘ಓದುಗರ ಪತ್ರ’ ಅಂಕಣಕ್ಕಾಗಿ